ಬೇರು ಬೆಳ್ಳಗಾಗಲಿ, ಆಮೇಲೆ ನೀರು

ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ಗ್ಯಾಲರಿಯಲ್ಲಿ ಅರಳಿದ ಆರ್ಕಿಡ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬೆಳಗಾವಿ, ಗೋಕಾಕ, ಖಾನಾಪುರದವರು ಬರೆದಿದ್ದಾರೆ. ಬಾಗಲಕೋಟೆ, ವಿಜಯಪುರದಿಂದಲೂ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆರ್ಕಿಡ್‌ಗೇ ಇರಲಿ.

ನಾನು ತೋಟಗಾರಿಕೆ ಓದಿದವಳಲ್ಲ. ವಡಗಾವಿಯ ನೇಕಾರರ ಮನೆಯವಳು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದೆ. ಗ್ಯಾಲರಿಯಲ್ಲಿ ಈಗ ನಲವತ್ತರ ಮೇಲೆ ಕುಂಡಗಳಿವೆ. ಇಲ್ಲಿ ಹೇಳುವುದೆಲ್ಲ ಅವುಗಳ ಮುಂದೆ ನಿಂತು ಕಲಿತದ್ದು.

ಅಕ್ಕಾ, ಜನವರಿಯಲ್ಲಿ ಮಗ ಬೆಂಗಳೂರಿನಿಂದ ಹೂವಿದ್ದ ಫಲೆನಾಪ್ಸಿಸ್ ಆರ್ಕಿಡ್ ತಂದುಕೊಟ್ಟ. ಎರಡು ತಿಂಗಳು ಹೂ ಚೆನ್ನಾಗಿತ್ತು. ದಿನಾ ಬೆಳಗ್ಗೆ ತಪ್ಪದೆ ಒಂದು ಲೋಟ ನೀರು ಹಾಕಿದೆ. ಈಗ ಎಲೆಗಳು ಜೋತುಬಿದ್ದು ಸುಕ್ಕಾಗಿವೆ. ನೀರು ಸಾಲುತ್ತಿಲ್ಲ ಅಂತ ಸಂಜೆಯೂ ಹಾಕುತ್ತಿದ್ದೇನೆ. ಸುಕ್ಕು ಇನ್ನೂ ಜಾಸ್ತಿಯಾಗುತ್ತಿದೆ. ಏನು ಮಾಡಲಿ?
— ಓದುಗರು, ಹನುಮಾನ ನಗರ, ಬೆಳಗಾವಿ

ಇವತ್ತೇ ನೀರು ನಿಲ್ಲಿಸಿ ತಂಗಿ. ಕುಂಡದಲ್ಲಿ ನೀರಿದೆ, ಕುಡಿಯಲು ಬೇರೇ ಉಳಿದಿಲ್ಲ. ಬೇರು ಕೊಳೆತ ಗಿಡದ ಎಲೆಯೂ ಬಾಯಾರಿದ ಗಿಡದ ಎಲೆಯ ಹಾಗೇ ಸುಕ್ಕಾಗುತ್ತದೆ. ನೋಡಿದವರು ಪಾಪ ಅಂತ ಇನ್ನಷ್ಟು ನೀರು ಹಾಕುತ್ತಾರೆ. 2011ರಲ್ಲಿ ನನ್ನ ಮೊದಲ ಗಿಡವೂ ಹೀಗೇ ಹೋಯಿತು. ಮಾರಿದವರು ದಿನಾ ನೀರು ಹಾಕಿ ಅಂದಿದ್ದರು, ನಾನು ಹಾಕಿದೆ. ಒಂದು ದಿನ ಗಿಡ ಹಿಡಿದು ಮೇಲೆತ್ತಿದರೆ ಎಲೆಗಳಷ್ಟೇ ಕೈಗೆ ಬಂದವು. ಬೇರುಗಳು ನೆನೆದ ಹುಲ್ಲಿನ ಹಾಗೆ ಕುಂಡದಲ್ಲೇ ಉಳಿದಿದ್ದವು. ಆ ವಾಸನೆ ಇನ್ನೂ ನೆನಪಿದೆ.

ನಿಮ್ಮ ಗಿಡವನ್ನು ಉಳಿಸಲು ಇನ್ನೂ ಸಮಯ ಇದೆ. ಕುಂಡದಿಂದ ಮೆಲ್ಲಗೆ ಹೊರಗೆ ತೆಗೆಯಿರಿ. ಅಂಗಡಿಯ ಗಿಡಗಳ ಬೇರಿಗೆ ಒಣ ಪಾಚಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ಅದು ಹಿಡಿದ ನೀರನ್ನು ಬೇಗ ಬಿಡುವುದಿಲ್ಲ, ಪೂರ್ತಿ ಬಿಡಿಸಿ ತೆಗೆಯಿರಿ. ಈಗ ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವಂತ ಬೇರು. ಒತ್ತಿದಾಗ ಪಚಕ್ ಅಂದು, ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಉಳಿದರೆ ಅದು ಸತ್ತ ಬೇರು. ಕತ್ತರಿಯನ್ನು ಗ್ಯಾಸಿನ ಉರಿಗೆ ಹಿಡಿದು, ಆರಿಸಿಕೊಂಡು, ಸತ್ತದ್ದನ್ನೆಲ್ಲ ಕತ್ತರಿಸಿ. ಕತ್ತರಿಸಿದ ತುದಿಗೆ ಮಾತ್ರ ಅಡುಗೆಮನೆಯ ದಾಲ್ಚಿನ್ನಿ ಪುಡಿ ಮುಟ್ಟಿಸಿ. ಒಳ್ಳೆಯ ಬೇರಿಗೆ ಅದು ತಾಗುವುದು ಬೇಡ, ಒಣಗಿಸಿಬಿಡುತ್ತದೆ. ಆಮೇಲೆ ಗಿಡವನ್ನು ಕಾಗದದ ಮೇಲೆ ಮಲಗಿಸಿ, ನೆರಳಿನಲ್ಲಿ ಒಂದು ದಿನ ಸುಮ್ನೆ ಬಿಡಿ. ಏನೂ ಆಗುವುದಿಲ್ಲ.

ಮರುದಿನ ತೂತಿರುವ ಕುಂಡಕ್ಕೆ ಹಾಕಿ. ಮಣ್ಣು ಒಂದು ಚಮಚವೂ ಬೇಡ. ಅಡಿಕೆ ಗಾತ್ರದ ಇದ್ದಿಲು ಎರಡು ಪಾಲು, ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು ಸಾಕು. ಸಿಪ್ಪೆಯನ್ನು ಮೂರು ದಿನ ನೀರಲ್ಲಿ ನೆನೆಸಿಡಿ. ದಿನಾ ನೀರು ಬದಲಿಸಿದರೆ ಅದರ ಕಂದು ಬಣ್ಣ, ಉಪ್ಪು ಬಿಟ್ಟುಹೋಗುತ್ತವೆ. ಕುಂಡ ಬೇರಿನ ಗಾತ್ರಕ್ಕೆ ತಕ್ಕಂತೆ ಚಿಕ್ಕದೇ ಇರಲಿ.

ಇನ್ನು ನೀರು ಯಾವಾಗ? ಗಡಿಯಾರ, ಕ್ಯಾಲೆಂಡರ್ ಎರಡೂ ಬೇಡ, ಬೇರನ್ನೇ ಕೇಳಿ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಪೊರೆ ಇರುತ್ತದೆ. ಒಣಗಿದಾಗ ಅದರ ತುಂಬ ಗಾಳಿ, ನೋಡಲು ಬೂದಿ ಹಚ್ಚಿದ ಬೆಳ್ಳಿಯ ಹಾಗೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಬಿದ್ದಲ್ಲಿಂದ ಹಸಿರು ಹರಡುತ್ತಾ ಹೋಗುತ್ತದೆ. ಪೊರೆ ನೀರು ಕುಡಿದು ತಿಳಿಯಾದ ಕೂಡಲೇ ಒಳಗಿನ ಹಸಿರು ಕಾಣುತ್ತದೆ, ಅಷ್ಟೇ ಅದರ ಗುಟ್ಟು. ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಇದನ್ನು ತೋರಿಸುತ್ತಿದ್ದೆ. ಒಂದು ಗಿಡಕ್ಕೆ ಮೂವತ್ತು ತಲೆಗಳು ಮುತ್ತಿಕೊಳ್ಳುತ್ತಿದ್ದವು. ಬೇರು ಹಸಿರಿದ್ದರೆ ನೀರು ಬೇಡ. ಬೆಳ್ಳಗಾದ ಮೇಲೆ ಕುಂಡದ ತಳದಿಂದ ಹರಿದು ಹೋಗುವಷ್ಟು ಹಾಕಿ, ಮತ್ತೆ ಬೆಳ್ಳಗಾಗುವವರೆಗೆ ಆ ಕಡೆ ಹೋಗಬೇಡಿ. ಎಲೆಗಳ ನಡುವಿನ ಕುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಿ. ಫಲೆನಾಪ್ಸಿಸ್ ನಡುಕೊಳೆತಕ್ಕೆ ಸಾಯುವುದೇ ಅಲ್ಲಿಂದ.

ಈಗಿರುವ ಸುಕ್ಕು ಹೋಗುವುದಿಲ್ಲ. ಹೊಸ ಬೇರು, ಹೊಸ ಎಲೆ ಬರಬೇಕು. ಮೂರು ನಾಲ್ಕು ತಿಂಗಳು ಕಾಯಿರಿ.

ಹೂ ಉದುರಿದ ಮೇಲೆ ಆ ಕಡ್ಡಿ ಕತ್ತರಿಸಬೇಕಾ, ಬಿಡಬೇಕಾ?
— ಓದುಗರು, ಟಿಳಕವಾಡಿ

ಫಲೆನಾಪ್ಸಿಸ್ ಆದರೆ, ಕಡ್ಡಿ ಹಸಿರಿದ್ದು ಗಿಡ ಗಟ್ಟಿಮುಟ್ಟಾಗಿದ್ದರೆ ಬುಡದಿಂದ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿ. ಗೆಣ್ಣಿನಿಂದ ಮತ್ತೆ ಹೂ ಒಡೆಯಬಹುದು. ಗಿಡ ಸೊರಗಿದ್ದರೆ ಬುಡಕ್ಕೇ ಕತ್ತರಿಸಿ, ವಿಶ್ರಾಂತಿ ಸಿಗಲಿ.

ನಮ್ಮ ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮಲೆನಾಡಿನ ಸೆರಗು ಅಂತ ಹಿರಿಯರು ಸುಮ್ನೆ ಅಂದಿಲ್ಲ. ಫಲೆನಾಪ್ಸಿಸ್‌ಗೆ ಕೆಲವು ವಾರ 25 ಡಿಗ್ರಿಗಿಂತ ಕಡಿಮೆ ತಂಪು ಸಿಕ್ಕರೆ ಹೊಸ ಹೂದಂಡು ಬರುತ್ತದೆ. ನಮ್ಮ ನವೆಂಬರ್, ಡಿಸೆಂಬರ್ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತವೆ. ಚಳಿ ತೀರಾ ಜಾಸ್ತಿಯಾದ ರಾತ್ರಿ ಮಾತ್ರ ಪಡಸಾಲೆಗೆ ಎತ್ತಿಡಿ.

ಮೂರು ವರ್ಷದ ಡೆಂಡ್ರೋಬಿಯಂ ಆರ್ಕಿಡ್ ಇದೆ. ಎಲೆ ನೋಡಿದವರೆಲ್ಲ ಎಷ್ಟು ಚೆಂದ ಅಂತಾರೆ, ಕಡು ಹಸಿರು. ಆದರೆ ಒಂದು ಹೂವೂ ಇಲ್ಲ. ಎಲೆ ಉದುರಿದ ಹಳೆಯ ದಂಟುಗಳನ್ನೆಲ್ಲ ಕತ್ತರಿಸಿ ಸ್ವಚ್ಛ ಮಾಡಿದ್ದೇನೆ. ಅಕ್ಕಿ ತೊಳೆದ ನೀರು, ಚಹಾ ಪುಡಿ, ಬಾಳೆಹಣ್ಣಿನ ಸಿಪ್ಪೆ ಹಾಕುತ್ತೇನೆ.
— ಓದುಗರು, ಗೋಕಾಕ

ಆ ಕಡು ಹಸಿರೇ ಕಾರಣ. ಬೆಳಕು ಸಾಲದಾಗ ಎಲೆ ಕಪ್ಪಗೆ ಹಸಿರಾಗುತ್ತದೆ. ಡೆಂಡ್ರೋಬಿಯಂ ಎಲೆ ಎಳೆ ಲಿಂಬೆಕಾಯಿಯ ಬಣ್ಣಕ್ಕೆ ಹತ್ತಿರ ಇರಬೇಕು. ಪೂರ್ವದ ಕಡೆ ಇಡಿ, ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ನೇರವಾಗಿ ಬೀಳಲಿ. ಒಮ್ಮೆಗೇ ಒಯ್ದು ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ವಾರಕ್ಕೆ ಒಂದು ಗೇಣು ಸರಿಸುತ್ತಾ ಹೋಗಿ.

ಹಳೆಯ ದಂಟು ಕತ್ತರಿಸಿದ್ದು ಕೇಳಿ ಬೇಸರವಾಯಿತು. ಎಲೆ ಇಲ್ಲದ ಆ ದಂಟು ಗಿಡದ ಕಣಜ. ನೀರು, ಆಹಾರ ಅದರಲ್ಲೇ ಇರುತ್ತದೆ. ಎಷ್ಟೋ ಸಲ ಬೋಳು ದಂಟಿನ ತುದಿಯಿಂದಲೇ ಹೂ ಬರುತ್ತದೆ. ಪೂರ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿ ಟೊಳ್ಳಾದರೆ ಮಾತ್ರ ತೆಗೆಯಿರಿ.

ಚಹಾ ಪುಡಿ, ಸಿಪ್ಪೆ ಎಲ್ಲ ಗುಲಾಬಿಗೆ ಹಾಕಿ. ಆರ್ಕಿಡ್ ಕುಂಡದಲ್ಲಿ ಅವು ಕೊಳೆತು, ಇದ್ದಿಲಿನ ಸಂದು ಮುಚ್ಚಿ, ಗಾಳಿ ತಡೆಯುತ್ತವೆ. ಇರುವೆ ಬರುತ್ತವೆ, ಇರುವೆಯ ಹಿಂದೆ ಹಿಟ್ಟು ತಿಗಣೆ ಬರುತ್ತದೆ. ನೀರಲ್ಲಿ ಕರಗುವ 19:19:19 ಗೊಬ್ಬರ ಎಲ್ಲ ಕೃಷಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಮೊದಲು ಬರೀ ನೀರು ಹಾಕಿ ಬೇರು ಹಸಿಯಾದ ಮೇಲೆ ಗೊಬ್ಬರದ ನೀರು. ಜಾಸ್ತಿ ಹಾಕಿದರೆ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ.

ಮೇಡಂ, ನಾನು ಕಾಲೇಜು ವಿದ್ಯಾರ್ಥಿ. ಹೋದ ವಾರದ ಗಾಳಿಮಳೆಗೆ ನಮ್ಮ ಹೊಲದ ಮಾವಿನ ಮರದ ಟೊಂಗೆ ಮುರಿದು ಬಿತ್ತು. ಅದರ ಮೇಲೆ ಪಟ್ಟಿಯಂಥ ದಪ್ಪ ಎಲೆಯ ಗಿಡ, ನರಿಯ ಬಾಲದ ಹಾಗೆ ಜೋತುಬಿದ್ದ ಗುಲಾಬಿ ಬಿಳಿ ಹೂ. ಅಜ್ಜ ಅದು ಬಂದನಿಕೆ, ಮರ ತಿನ್ನುತ್ತದೆ, ಸುಟ್ಟುಬಿಡು ಅಂತಾರೆ. ಗೆಳೆಯರು ಕಾಡಿಗೆ ಹೋಗಿ ಇನ್ನಷ್ಟು ತಂದು ಮಾರೋಣ ಅಂತಾರೆ. ನೀವೇನು ಹೇಳುತ್ತೀರಿ?
— ಓದುಗರು, ಜಾಂಬೋಟಿ ಹತ್ತಿರ, ಖಾನಾಪುರ ತಾಲೂಕು

ಸುಡಬೇಡ ತಮ್ಮಾ! ನೀನು ಹೇಳಿದ್ದು ನೋಡಿದರೆ ಅದು ಸೀತಾಳೆ ದಂಡೆ ಅನ್ನುವ ಆರ್ಕಿಡ್. ಸಸ್ಯಶಾಸ್ತ್ರದಲ್ಲಿ ರಿಂಕೊಸ್ಟೈಲಿಸ್ ರೆಟುಸಾ. ಮೇ, ಜೂನ್ ಹೊತ್ತಿಗೆ ನಮ್ಮ ಪಶ್ಚಿಮ ಘಟ್ಟದಲ್ಲಿ ಅರಳುತ್ತದೆ. ಅಸ್ಸಾಮಿನ ರಾಜ್ಯ ಹೂವೂ ಇದೇ. ಅಲ್ಲಿಯ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಇದನ್ನು ಮುಡಿಯುತ್ತಾರೆ.

ಅಜ್ಜನ ಅನುಮಾನ ತಪ್ಪಲ್ಲ, ಬಂದನಿಕೆ ನಿಜವಾಗಿಯೂ ಮರವನ್ನು ಹೀರುತ್ತದೆ. ಅಜ್ಜನನ್ನೇ ಕರೆದು ಟೊಂಗೆಯ ಹತ್ತಿರ ಕೂರಿಸಿಕೋ. ಬಂದನಿಕೆ ಆಗಿದ್ದರೆ ಅದರ ಬುಡ ಟೊಂಗೆಯ ಕಟ್ಟಿಗೆಯೊಳಗೇ ಇಳಿದಿರುತ್ತದೆ, ಅಲ್ಲಿ ಗಂಟು ಕಟ್ಟಿರುತ್ತದೆ, ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಸೀತಾಳೆಯ ಬೇರು ಹಗ್ಗದ ಹಾಗೆ ತೊಗಟೆಯ ಮೇಲೆ ಹರಿದಿರುತ್ತದೆ. ಉಗುರಿನಿಂದ ಒಂದು ಬೇರಿನ ಅಂಚು ಎಬ್ಬಿಸಿ ತೋರಿಸು. ಕೆಳಗೆ ತೊಗಟೆ ಹಾಗೇ ಇರುತ್ತದೆ, ಒಂದು ಗಾಯವೂ ಇರುವುದಿಲ್ಲ. ಅದು ಮರದ ಮೇಲೆ ಕೂತಿದೆ ಅಷ್ಟೇ. ನೀರು ಮಳೆಯಿಂದ, ಮಂಜಿನಿಂದ. ಊಟ ತೊಗಟೆಯ ಸಂದಿನ ಕಸ, ಧೂಳಿನಿಂದ.

ಈಗ ಬಿದ್ದ ಗಿಡವನ್ನು ಮತ್ತೆ ಮರಕ್ಕೇ ಏರಿಸು. ಮಾವಿನ ಮರ ಒರಟು ತೊಗಟೆಯದ್ದು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪೂರ್ವದ ಕಡೆ, ಕೈಗೆಟುಕುವ ಎತ್ತರದಲ್ಲಿ, ಸ್ವಲ್ಪ ತೆಂಗಿನ ನಾರು ಇಟ್ಟು ಅದರ ಮೇಲೆ ಬೇರು ಹರಡಿ ಹತ್ತಿ ನೂಲಿನಿಂದ ಕಟ್ಟು. ನಮ್ಮ ಮನೆಯಲ್ಲಿ ಮಗ್ಗದಲ್ಲಿ ಉಳಿದ ನೂಲನ್ನೇ ಏಳೆಂಟು ಎಳೆ ಸೇರಿಸಿ ಹೊಸೆದು ಕಟ್ಟುತ್ತೇವೆ. ಒಂದು ವರ್ಷದಲ್ಲಿ ನೂಲು ತಾನೇ ಲಡ್ಡಾಗಿ ಉದುರುತ್ತದೆ. ಅಷ್ಟರಲ್ಲಿ ಬೇರು ತೊಗಟೆ ಹಿಡಿದಿರುತ್ತದೆ. ನೈಲಾನ್, ತಂತಿ ಬೇಡ. ಗಿಡ ದಪ್ಪವಾದಂತೆ ಅವು ಕತ್ತು ಕೊಯ್ಯುತ್ತವೆ. ಮಳೆ ಶುರುವಾಗುವ ಮುಂಚೆ ಕಟ್ಟಿಬಿಟ್ಟರೆ ಆಮೇಲಿನ ಕೆಲಸ ಮಳೆಯದ್ದು.

ಕಾಡಿನಿಂದ ತರುವ ಮಾತಿಗೆ ನನ್ನ ಉತ್ತರ ಬೇಡ, ಬೇಡ, ಬೇಡ. ಜಗತ್ತಿನ ಎಲ್ಲ ಆರ್ಕಿಡ್‌ಗಳೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ನಿಮ್ಮ ತಾಲೂಕಿನಲ್ಲೇ ಭೀಮಗಡ ವನ್ಯಜೀವಿಧಾಮ ಇದೆ. ಅಲ್ಲಿಂದ ಗಿಡ ಕೀಳುವುದು ಅಪರಾಧ. ಕಾನೂನು ಬದಿಗಿಟ್ಟು ಗಿಡದ ಕಡೆಯಿಂದಲೂ ಯೋಚಿಸು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಯಲ್ಲಿ ಲಕ್ಷಗಟ್ಟಲೆ ಬೀಜ ಇರುತ್ತವೆ. ಕಾಯಿ ಒಡೆದರೆ ಹಿಟ್ಟಿನ ಗಿರಣಿಯ ಧೂಳಿನ ಹಾಗೆ ಹಾರುತ್ತವೆ. ಆದರೆ ಜೋಳದ ಕಾಳಿನಲ್ಲಿ ಇರುವಂತೆ ಅದರಲ್ಲಿ ಬುತ್ತಿ ಇಲ್ಲ. ಬಿದ್ದ ಜಾಗದಲ್ಲಿ ಸರಿಯಾದ ಬೂಷ್ಟು ಇದ್ದು, ಅದು ಉಣಿಸಿದರೆ ಮಾತ್ರ ಮೊಳಕೆ. ಅಂಥ ಒಂದು ಮೊಳಕೆ ಹೂ ಬಿಡುವ ಗಿಡವಾಗಲು ಹಲವು ವರ್ಷ. ನಿನ್ನ ಗೆಳೆಯರು ಒಂದು ನಿಮಿಷದಲ್ಲಿ ಕಿತ್ತದ್ದು ಮತ್ತೆ ಆ ಟೊಂಗೆಗೆ ಬರಲು ಎಷ್ಟು ಕಾಲ ಬೇಕು, ಹೇಳು. ಹಾಗೆ ಕಿತ್ತು ತಂದ ಗಿಡಗಳು ಪೇಟೆಯ ಮನೆಯಲ್ಲಿ ಒಂದು ಬೇಸಿಗೆಗೇ ಸಾಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಿಡ ಬೇಕಾದರೆ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಈಗ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿಗಳು ಬೇಕಾದಷ್ಟು ಸಿಗುತ್ತವೆ.

ವಿಜಯಪುರದ ಬಿಸಿಲಲ್ಲಿ ಆರ್ಕಿಡ್ ಬೆಳೆಯುತ್ತದಾ? ಸುಮ್ನೆ ದುಡ್ಡು ಹಾಳು ಅಂತ ಮನೆಯವರು ಅಂತಾರೆ. ನಮ್ಮಲ್ಲಿ ಇರುವುದು ಬೋರ್‌ವೆಲ್ ನೀರು.
— ಓದುಗರು, ವಿಜಯಪುರ

ನೇರವಾಗಿ ಹೇಳುತ್ತೇನೆ. ಫಲೆನಾಪ್ಸಿಸ್ ಬೇಡ. ಬೆಳಗಾವಿಯ ಹವೆಯಲ್ಲಿ ಸುಲಭವಾದದ್ದು 40 ಡಿಗ್ರಿಯ ಒಣ ಗಾಳಿಯಲ್ಲಿ ಸುಲಭವಲ್ಲ. ಗ್ರೌಂಡ್ ಆರ್ಕಿಡ್ ಅಂತ ಮಾರುವ ಸ್ಪಾಥೋಗ್ಲಾಟಿಸ್‌ನಿಂದ ಶುರು ಮಾಡಿ. ಎಲೆ ತೆಂಗಿನ ಸಸಿಯ ಎಲೆಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಇದೊಂದಕ್ಕೆ ಮಣ್ಣು ನಡೆಯುತ್ತದೆ. ಮಣ್ಣಿಗೆ ಮರಳು, ಹಳೆಯ ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ ಸಡಿಲ ಮಾಡಿಕೊಳ್ಳಿ. ನಿಮ್ಮ ಕಡೆಯ ಎರೆ ಮಣ್ಣು ಮಾತ್ರ ಬೇಡ, ನೀರು ಹಿಡಿದು ಗಡ್ಡೆ ಕೊಳೆಯುತ್ತದೆ. ವರ್ಷದ ಬಹಳ ದಿನ ಒಂದಲ್ಲ ಒಂದು ಹೂ ಇರುತ್ತದೆ.

ಎರಡನೆಯದು ಡೆಂಡ್ರೋಬಿಯಂ. ಅಂಗಳದಲ್ಲಿ ಬೇವಿನ ಮರವಿದ್ದರೆ ಅದರ ಕೆಳಗೆ ತೂಗುಹಾಕಿ. ಬೇವಿನ ನೆರಳು ತೆಳ್ಳಗೆ, ಅಲುಗಾಡುವಂಥದ್ದು, ಆರ್ಕಿಡ್‌ಗೆ ಅದೇ ಬೇಕು. ಮರ ಇಲ್ಲದಿದ್ದರೆ 75 ಪರ್ಸೆಂಟ್‌ನ ಹಸಿರು ಶೇಡ್ ನೆಟ್ ಕಟ್ಟಿ. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಬೇಗ ಒಮ್ಮೆ, ಸಂಜೆ ಬೇರು ಬೆಳ್ಳಗಿದ್ದರೆ ಇನ್ನೊಮ್ಮೆ ನೀರು. ಮಧ್ಯಾಹ್ನ ಗಿಡಕ್ಕೆ ಬೇಡ, ಕೆಳಗಿನ ಫರಸಿಗೆ ಎರಡು ತಂಬಿಗೆ ಚೆಲ್ಲಿ, ಅದು ಆವಿಯಾಗುತ್ತಾ ಸುತ್ತಲಿನ ಗಾಳಿ ತಂಪಾಗುತ್ತದೆ.

ಬೋರ್ ನೀರಿನ ಉಪ್ಪು ಬೇರಿನ ಮೇಲೆ ಸುಣ್ಣದ ಹಾಗೆ ಕೂರುತ್ತದೆ. ಮಳೆ ನೀರು ಒಂದು ಡ್ರಮ್ಮಿನಷ್ಟು ಹಿಡಿದಿಡಿ, ಮುಚ್ಚಳ ಬಿಗಿಯಾಗಿರಲಿ. ಇನ್ನೊಂದು ಮಾತು. ಮನೆಯ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಿದರೆ ಉಳಿತಾಯ ಅಂತ ಬಹಳ ಜನ ಮಾಡುತ್ತಾರೆ. ಆರ್ಕಿಡ್‌ಗೆ ಅದು ಬೇಡವೇ ಬೇಡ, ಶುದ್ಧ ನೀರಿನಿಂದ ಬೇರೆಯಾದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಈಗ ಮೇ ತಿಂಗಳಲ್ಲಿ ಕೊಳ್ಳಬೇಡಿ. ಜುಲೈಯಲ್ಲಿ ತನ್ನಿ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಗಿಡ ನಿಮ್ಮ ಮನೆಗೆ ಹೊಂದಿಕೊಂಡಿರುತ್ತದೆ.

ಹದಿನೈದು ದಿನ ತವರಿಗೆ ಹೋಗಬೇಕು. ಆರ್ಕಿಡ್‌ಗಳನ್ನು ಯಾರ ಕೈಗೆ ಕೊಡಲಿ?
— ಓದುಗರು, ನವನಗರ, ಬಾಗಲಕೋಟೆ

ಚಳಿಗಾಲ, ಮಳೆಗಾಲವಾದರೆ ಯಾರೂ ಬೇಡ. ಹೊರಡುವ ದಿನ ಕುಂಡವನ್ನು ಬಕೆಟ್ ನೀರಲ್ಲಿ ಕಾಲು ಗಂಟೆ ಮುಳುಗಿಸಿ, ಪೂರ್ತಿ ಬಸಿದು, ನೆರಳಿಗೆ ಸರಿಸಿ ಹೋಗಿ. ಡೆಂಡ್ರೋಬಿಯಂನಂಥ ದಂಟಿರುವ ಜಾತಿಗಳು ಆರಾಮಾಗಿ ಇರುತ್ತವೆ. ಬೇಸಿಗೆಯಲ್ಲಿ ಮಾತ್ರ ಪಕ್ಕದ ಮನೆಯವರಿಗೆ ಎರಡು ದಿನಕ್ಕೊಮ್ಮೆ ನೀರು ಹಾಕಲು ಹೇಳಿ. ನಿಮ್ಮ ಅಳತೆಯ ತಂಬಿಗೆಯನ್ನೇ ಕೊಟ್ಟು ಹೋಗಿ. ಪಾಪ ಅಂತ ಜಾಸ್ತಿ ಹಾಕುವವರೇ ಎಲ್ಲರೂ.

ಹೋದ ಮಳೆಗಾಲ ಹೊಸ ಬೇರಿನ ಹಸಿರು ತುದಿಗಳನ್ನೆಲ್ಲ ಏನೋ ಕತ್ತರಿಸಿ ಹಾಕಿತು. ಹಗಲು ಹುಡುಕಿದರೆ ಏನೂ ಕಾಣಲಿಲ್ಲ. ಈ ಸಲ ಏನು ಮಾಡಲಿ?
— ಓದುಗರು, ಹಿಂದವಾಡಿ, ಬೆಳಗಾವಿ

ಬಸವನಹುಳು. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ನೋಡಿ, ಕುಂಡದ ತೂತಿನಿಂದ ಹೊರಗೆ ಬರುತ್ತವೆ. ಚಿಪ್ಪಿಲ್ಲದವೂ ಇರುತ್ತವೆ. ಸೌತೆಕಾಯಿ ಬಿಲ್ಲೆಯನ್ನು ಕುಂಡದ ಮೇಲೆ ಇಟ್ಟರೆ ಅದರ ಕೆಳಗೆ ಸೇರುತ್ತವೆ, ಬೆಳಗ್ಗೆ ಬಿಲ್ಲೆ ಸಮೇತ ತೆಗೆದುಹಾಕಿ. ಉಪ್ಪು ಎರಚಬೇಡಿ, ಹುಳುವಿನ ಜೊತೆ ಬೇರೂ ಹೋಗುತ್ತದೆ. ಕುಂಡಗಳನ್ನು ನೆಲದಲ್ಲಿ ಇಡದೆ ತೂಗುಹಾಕಿದರೆ ಅರ್ಧ ಕಾಟ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ, ಅಲ್ವಾ? ಆಗ ಗಿಡಗಳನ್ನು ಹಂಚಿನ ಇಳಿಜಾರಿನ ಒಳಗೆ ಸರಿಸಿ. ಗಾಳಿ ಆಡಲಿ, ನೀರು ನೇರ ಬೀಳುವುದು ಬೇಡ.

ತಂಗೀ, ನನಗೆ 74 ವರ್ಷ. ಮಗ್ಗದ ಮೇಲೆ ಕೂತು ಕೂತು ಕಣ್ಣು ಮಂಜಾಗಿವೆ. ಮೊಮ್ಮಗಳು ಒಂದು ಡೆಂಡ್ರೋಬಿಯಂ ತಂದಿಟ್ಟು ಹಾಸ್ಟೆಲ್ಲಿಗೆ ಹೋದಳು. ಬೇರಿನ ಬಣ್ಣ ನೋಡಬೇಕು ಅಂತೀ. ನನಗೆ ಬಿಳಿ, ಹಸಿರು ಎಲ್ಲ ಒಂದೇ. ಈ ಗಿಡ ನನ್ನ ಕೈಯಲ್ಲಿ ಉಳಿದೀತೇ?
— ಓದುಗರು, ಶಹಾಪುರ, ಬೆಳಗಾವಿ

ಖಂಡಿತ ಉಳಿಯುತ್ತದೆ ಕಾಕಾ. ನಿಮಗೆ ಕಣ್ಣಿನ ಕೆಲಸವೇ ಬೇಡ.

ಗಿಡ ಪ್ಲಾಸ್ಟಿಕ್ ಕುಂಡದಲ್ಲಿದ್ದರೆ ಯಾರಿಂದಲಾದರೂ ಮಣ್ಣಿನ ಕುಂಡಕ್ಕೆ ಬದಲಿಸಿಕೊಳ್ಳಿ. ಖಾನಾಪುರದ ಕೆಂಪು ಮಣ್ಣಿನ ಕುಂಡವೇ ಒಳ್ಳೆಯದು. ಕುಂಬಾರಿಕೆಗೆ ಆ ಊರು ಹಿಂದಿನಿಂದಲೂ ಹೆಸರಾದದ್ದು, ಅದನ್ನು ಕಲಿಸುವ ಸಂಸ್ಥೆಯೂ ಅಲ್ಲಿದೆ. ನಾನು ಅಲ್ಲಿಯ ಒಬ್ಬ ಕುಂಬಾರರಿಗೆ ಹೇಳಿ, ಹಸಿ ಇರುವಾಗಲೇ ಸುತ್ತಲೂ ಹೆಬ್ಬೆರಳು ಹೋಗುವಷ್ಟು ಎಂಟು ತೂತು ಮಾಡಿಸಿ ಸುಡಿಸಿಕೊಂಡು ಬರುತ್ತೇನೆ. ಸುಟ್ಟ ಮೇಲೆ ಕೊರೆದರೆ ಒಡೆಯುತ್ತದೆ. ಒಳಗೆ ಲಿಂಬೆಹಣ್ಣಿನ ಗಾತ್ರದ ಇದ್ದಿಲು, ಒಡೆದ ಹಂಚಿನ ಚೂರು. ಬೇರೇನೂ ಬೇಡ.

ಈಗ ಕುಂಡವನ್ನು ಗ್ಯಾಲರಿಯ ಕಟ್ಟೆಯ ಮೇಲೆ, ನಿಮ್ಮ ಕುರ್ಚಿಯಿಂದ ಕೈಗೆ ಸಿಗುವ ಹಾಗೆ ಇಡಿಸಿಕೊಳ್ಳಿ. ನೀರು ಹಾಕಿದ ತಕ್ಷಣ ಒಮ್ಮೆ ಎತ್ತಿ ನೋಡಿ, ಭಾರ ನೆನಪಿಟ್ಟುಕೊಳ್ಳಿ. ಮೂರು ದಿನ ಬಿಟ್ಟು ಮತ್ತೆ ಎತ್ತಿ, ಹಗುರಾಗಿರುತ್ತದೆ. ಎತ್ತುವುದು ಕಷ್ಟವಾದರೆ ಬೆರಳ ಗೆಣ್ಣಿನಿಂದ ಕುಂಡದ ಹೊಟ್ಟೆಗೆ ತಟ್ಟಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ತಟ್ಟುತ್ತೇವಲ್ಲ, ಹಾಗೆ. ನೀರು ಹೀರಿದ ಕುಂಡ ದಬ್ ಅನ್ನುತ್ತದೆ. ಒಣಗಿದ ಕುಂಡ ಠಣ್ ಅನ್ನುತ್ತದೆ. ಸದ್ದು ಕೇಳಿಯೇ ಮಗ್ಗದಲ್ಲಿ ಎಳೆ ಕಡಿದದ್ದು ತಿಳಿಯುವ ಕಿವಿ ನಿಮ್ಮದು, ಎರಡೇ ವಾರದಲ್ಲಿ ಇದೂ ಗೊತ್ತಾಗುತ್ತದೆ. ಠಣ್ ಅಂದ ದಿನ ಒಂದು ತಂಬಿಗೆ ನೀರು ಹಾಕಿ. ದಬ್ ಅಂದರೆ ಹಾಗೇ ಬಿಟ್ಟುಬಿಡಿ.